ತುಕ್ಕು ಹಿಡಿದದ್ದು ಯಂತ್ರಕ್ಕಲ್ಲ



ಬಹಳ ದಿನಗಳಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತ ಬಂದ ವಿಷಯವೊಂದನ್ನು ಇಂದು ಎತ್ತಿಕೊಂಡಿದ್ದೇನೆ. ಇದನ್ನು ಓದಿ ಕೆಲವರಿಗೆ, ವಿಶೇಷವಾಗಿ ನನ್ನ ವೃತ್ತಿಬಾಂಧವರಿಗೆ, ಬೇಸರವಾಗಬಹುದು. ಆಗಲಿ. 1984ರಿಂದ 2018ರವರೆಗೆ ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು ಈ ಲೇಖನದ ಮೊದಲ ಆರೋಪಿ. ಆದ್ದರಿಂದ ಇತರರನ್ನು ದೂಷಿಸುವ ಹಕ್ಕು ನನಗೆ ಸ್ವಲ್ಪಮಟ್ಟಿಗಾದರೂ ಇದೆಯೆಂದು ಭಾವಿಸುತ್ತೇನೆ.

2023ರ ಆಗಸ್ಟ್ ಕೊನೆಯಲ್ಲಿ ನಾನೂ ನನ್ನ ಶ್ರೀಮತಿಯೂ ಮಗನ ಮನೆಗೆ ಹೋಗಿದ್ದೆವು. ಅವನಿರುವುದು ಅಮೆರಿಕದ ಒಹಾಯೋ ರಾಜ್ಯದಲ್ಲಿ, ಕೊಲಂಬಸ್ ನಗರದಿಂದ ತುಸು ಹೊರಗೆ. ಮನೆಗೆ ಸೇರಿದಂತೆ ಎಕರೆಗೆ ಸ್ವಲ್ಪ ಕಡಿಮೆ ಜಾಗ, ಅಷ್ಟೂ ಹುಲ್ಲು. ನಮ್ಮ ಕಡೆ ಒಂದು ಎಕರೆ ಎಂದರೆ ಒಂದು ಸಂಸಾರದ ಅನ್ನ. ಅಲ್ಲಿ ಅದು ಶನಿವಾರದ ಒಂದು ಕೆಲಸ. ಆ ಕೆಲಸಕ್ಕೆಂದೇ ಅವನ ಬಳಿ ಲಾನ್ ಟ್ರ್ಯಾಕ್ಟರ್ ಎಂಬ ವಾಹನವಿದೆ. ನಮ್ಮ ಹೊಲದ ಟ್ರ್ಯಾಕ್ಟರಿನ ಮೊಮ್ಮಗನಂತಿರುವ ಪುಟ್ಟ ಗಾಡಿ. ಮೇಲೆ ಒಬ್ಬರು ಕುಳಿತು ನಡೆಸುತ್ತಾರೆ. ಹೊಟ್ಟೆಯ ಕೆಳಗೆ ಬೋರಲು ಹಾಕಿದ ತಟ್ಟೆಯಂತಹ ಕಬ್ಬಿಣದ ಹೊದಿಕೆ, ಅದಕ್ಕೆ ಡೆಕ್ ಎನ್ನುತ್ತಾರೆ. ಅದರೊಳಗೆ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುವ ಅಲಗುಗಳು. ಅಲಗಿನ ತುದಿಯನ್ನು ಮೇಲಕ್ಕೆ ಬಾಗಿಸಿರುವುದರಿಂದ ಅದು ಗಾಳಿಯನ್ನು ಸೆಳೆದು, ಮಲಗಿದ ಹುಲ್ಲನ್ನು ಎಬ್ಬಿಸಿ ನಿಲ್ಲಿಸಿ ಕತ್ತರಿಸುತ್ತದೆ. ಕತ್ತರಿಸಿದ್ದನ್ನು ಬಲಗಡೆಯ ಬಾಯಿಯಿಂದ ಹೊರಕ್ಕೆ ಎಸೆಯುತ್ತದೆ.

ಸೆಪ್ಟೆಂಬರಿನ ಮೊದಲ ಶನಿವಾರ ಮಗ ಹುಲ್ಲು ಕತ್ತರಿಸಿ ಗಾಡಿಯನ್ನು ನಿಲ್ಲಿಸಿದಾಗ ಅದರ ಮೈಮೇಲೆ ಒಂದು ಬಗೆಯ ಪುಡಿ ಕುಳಿತಿತ್ತು. ಬಣ್ಣ ಕಿತ್ತಳೆ, ಕುಂಕುಮಕ್ಕೂ ಅರಿಶಿನಕ್ಕೂ ನಡುವಿನದು. ಮುಂದಿನ ಚಕ್ರಗಳ ಮೇಲೆ, ಡೆಕ್ಕಿನ ಅಂಚಿನಲ್ಲಿ, ಹುಲ್ಲು ಹೊರಬೀಳುವ ಬಾಯಿಯ ಸುತ್ತ, ಕೊನೆಗೆ ಅವನ ಬೂಟಿನ ಮೇಲೂ. ಹಿಂದಿನ ವಾರವೂ ಹೀಗೆಯೇ ಆಗಿತ್ತಂತೆ. ನೀರು ಹಾಕಿ ತೊಳೆದಿದ್ದನಂತೆ.

ಇನ್ನು ಈ ಪುಡಿಯ ಬಗ್ಗೆ ಅಭಿಪ್ರಾಯಗಳು ಹರಿದು ಬಂದ ಬಗೆಯನ್ನು ಕೇಳಿ. ಗಾಡಿ ದುರಸ್ತಿ ಮಾಡುವವನಿಗೆ ಮಗ ಫೋನ್ ಮಾಡಿ ಹೇಳಿದ. ಆತ, "ಡೆಕ್ ಒಳಗಿನಿಂದ ತುಕ್ಕು ಹಿಡಿದಿದೆ, ಬದಲಾಯಿಸಬೇಕಾಗಬಹುದು" ಎಂದ. ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ, "ಅದು ಹೂವಿನ ಪರಾಗ, ಈ ಕಾಲದಲ್ಲಿ ಇದ್ದದ್ದೇ" ಎಂದರು. ಹುಲ್ಲುಹಾಸಿನ ಆರೈಕೆಯ ಗುತ್ತಿಗೆ ಹಿಡಿಯುವ ಒಂದು ಸಂಸ್ಥೆಯವನು, ಫೋನಿನಲ್ಲಿಯೇ, "ಅದು ಶಿಲೀಂಧ್ರ ರೋಗ, ಮೂರು ಬಾರಿ ಔಷಧ ಸಿಂಪಡಿಸುತ್ತೇವೆ, ಮುನ್ನೂರು ಚಿಲ್ಲರೆ ಡಾಲರ್ ಆಗುತ್ತದೆ, ಬುಧವಾರ ಬರಲೇ?" ಎಂದು ಕೇಳಿದ. ಮಗ ಮೂವರ ಮಾತನ್ನೂ ಕೇಳಿ, ಕೊನೆಯವನ ದನಿಯಲ್ಲಿ ಹೆಚ್ಚು ಆತ್ಮವಿಶ್ವಾಸವಿದ್ದುದರಿಂದ ಅವನಿಗೆ ಒಪ್ಪಿಗೆ ಕೊಡಲು ಹೊರಟ.

ಗಮನಿಸಿ. ಮೂರು ಜನ ಮೂರು ಕಾರಣ ಹೇಳಿದರು. ನಾಲ್ಕನೆಯವನು ಹಣ ಕೊಡಲು ಸಿದ್ಧನಾದ. ನಾಲ್ವರಲ್ಲಿ ಒಬ್ಬನೂ ಬಾಗಿ ನೆಲವನ್ನು ನೋಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ನಮ್ಮ ಗಾದೆ ಕೊಲಂಬಸ್ಸಿನಲ್ಲೂ ಸಲ್ಲುತ್ತದೆ.

ನನ್ನ ಮಗ ದಡ್ಡನಲ್ಲ. ಇಂಜಿನಿಯರಿಂಗ್ ಓದಿ, ಅಲ್ಲಿಯೇ ಉನ್ನತ ಪದವಿ ಪಡೆದು, ಒಳ್ಳೆಯ ಕೆಲಸದಲ್ಲಿರುವವನು. ಜಾತಕ, ಶಕುನಗಳನ್ನು ನಗುವವನು. ಮುಖ್ಯವಾಗಿ, ಅವನು ಹತ್ತನೆಯ ತರಗತಿಯವರೆಗೆ ವಿಜ್ಞಾನ ಕಲಿತದ್ದು ನನ್ನ ಕೈಯಲ್ಲಿಯೇ. ಈ ಕೊನೆಯ ಸಂಗತಿ ಆ ದಿನ ನನ್ನನ್ನು ಚುಚ್ಚಿತು. "ಬುಧವಾರ ಬೇಡ, ಎರಡು ವಾರ ತಡೆ. ಹುಲ್ಲು ಕತ್ತರಿಸುವಾಗ ನಾನೂ ಜೊತೆಗಿರುತ್ತೇನೆ" ಎಂದೆ. ಅವನು ಮುಖ ಗಂಟಿಕ್ಕಿದರೂ ಒಪ್ಪಿದ.

ಮೊದಲು ಗಾಡಿಯನ್ನೇ ನೋಡಿದೆವು. ಇಂಜಿನ್ ಆರಿಸಿ, ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನೂ ಬಿಡಿಸಿ ಇಟ್ಟ ಮೇಲೆಯೇ ಕೆಳಗೆ ಕೈಹಾಕಿದ್ದು. ಒದ್ದೆ ಬಟ್ಟೆಯಿಂದ ಒರೆಸಿದರೆ ಪುಡಿ ಪೂರ್ತಿ ಬಂದುಬಿಟ್ಟಿತು. ಅದರಡಿಯ ಬಣ್ಣ ಹೊಚ್ಚ ಹೊಸದರಂತೆ ಅಖಂಡವಾಗಿತ್ತು. ಕಬ್ಬಿಣದ ತುಕ್ಕಾಗಿದ್ದರೆ ಬಣ್ಣ ಉಬ್ಬಿ ಎದ್ದಿರಬೇಕಿತ್ತು, ಕೆಳಗೆ ಕುಳಿ ಬಿದ್ದಿರಬೇಕಿತ್ತು. ಮೇಲಾಗಿ ಪುಡಿ ರಬ್ಬರಿನ ಚಕ್ರದ ಮೇಲೆಯೂ ಇತ್ತು, ಚರ್ಮದ ಬೂಟಿನ ಮೇಲೆಯೂ ಇತ್ತು. ರಬ್ಬರಿಗೆ ತುಕ್ಕು ಹಿಡಿಯುವುದೇ? ಒಳಗಿನ ಬೆಲ್ಟ್ ಸವೆದು ಬಿದ್ದ ಪುಡಿ ಎನ್ನೋಣವೆಂದರೆ ಅದು ಕಪ್ಪಾಗಿರುತ್ತದೆ. ಹೀಗೆ ಗಾಡಿ ನಿರಪರಾಧಿಯೆಂದು ತೀರ್ಮಾನವಾಯಿತು. ಡೆಕ್ ಬದಲಾಯಿಸುವ ಖರ್ಚು ಅಲ್ಲಿಗೇ ಉಳಿಯಿತು.

ಎರಡನೆಯದು ಪರಾಗ. ಆ ಪ್ರಾಂತದಲ್ಲಿ ಪೈನ್ ಮರಗಳ ಹಳದಿ ಪರಾಗ ಗಾಳಿಯಲ್ಲಿ ಹಾರಿ ಎಲ್ಲದರ ಮೇಲೂ ಕೂರುವುದುಂಟು. ಆದರೆ ಅದು ವಸಂತದಲ್ಲಿ. ಸೆಪ್ಟೆಂಬರಿನಲ್ಲಿ ದಾರಿಯ ಬದಿಗಳಲ್ಲಿ ಗೋಲ್ಡನ್‌ರಾಡ್ ಎಂಬ ಹಳದಿ ಹೂ ಅರಳಿರುತ್ತದೆ. ಅದರ ಪರಾಗ ಅಂಟಂಟಾದದ್ದು, ಕೀಟಗಳ ಮೈಗೆ ಹತ್ತಿ ಸಾಗುವಂಥದ್ದು, ಧೂಳಾಗಿ ಏಳುವುದಿಲ್ಲ. ಅದಕ್ಕಿಂತ ಸರಳವಾದ ಪರೀಕ್ಷೆಯೊಂದಿತ್ತು. ಪರಾಗವಾದರೆ ಆಕಾಶದಿಂದ ಬೀಳಬೇಕು. ಅಂಗಳದಲ್ಲಿ ನಿಂತ ಕಾರಿನ ಮೇಲೂ, ಜಗುಲಿಯ ಕುರ್ಚಿಯ ಮೇಲೂ ಇರಬೇಕು. ಬಿಳಿಯ ಕಾಗದದಿಂದ ಎರಡನ್ನೂ ಒರೆಸಿ ನೋಡಿದೆವು. ಕಾಗದ ಬಿಳಿಯಾಗಿಯೇ ಉಳಿಯಿತು. ಅಂದರೆ ಪುಡಿ ಮೇಲಿನಿಂದ ಬೀಳುತ್ತಿಲ್ಲ, ಕೆಳಗಿನಿಂದ ಏಳುತ್ತಿದೆ.

ಮುಂದಿನ ಶನಿವಾರ ಗಾಡಿಯನ್ನು ಶುಭ್ರವಾಗಿ ಒರೆಸಿ, ಮನೆಯ ಮುಂದಿನ ಹುಲ್ಲನ್ನು ಮೊದಲು ಕತ್ತರಿಸಲು ಹೇಳಿದೆ. ಅಷ್ಟಕ್ಕೇ ನಿಲ್ಲಿಸಿ ನೋಡಿದರೆ ಚಕ್ರದ ಮೇಲೆ ಹಸಿರು ರಸ ಮಾತ್ರ. ಅನಂತರ ಹಿತ್ತಿಲಿಗೆ ಹೋದೆವು. ಉತ್ತರದ ಮೂಲೆಯಲ್ಲಿ ದೊಡ್ಡದೊಂದು ಮೇಪಲ್ ಮರ, ಅದರಡಿಯಲ್ಲಿ ಎರಡು ಸಾಲು ಓಡಿಸುವಷ್ಟರಲ್ಲಿ ಮುಂದಿನ ಚಕ್ರಗಳು ಕಿತ್ತಳೆಯಾದವು. ಮುಂದಿನ ಚಕ್ರಕ್ಕೆ ಅಲಗಿನ ಗಾಳಿ ತಾಗುವುದಿಲ್ಲ. ಹುಲ್ಲನ್ನು ಸವರಿಕೊಂಡು ಹೋಗುವುದಷ್ಟೇ ಅದರ ಕೆಲಸ. ಆದ್ದರಿಂದ ಪುಡಿಯಿರುವುದು ಮಣ್ಣಿನಲ್ಲೂ ಅಲ್ಲ, ಹುಲ್ಲಿನ ಎಸಳಿನಲ್ಲಿ ಎಂದಾಯಿತು. ಖಾತ್ರಿ ಮಾಡಿಕೊಳ್ಳಲು ನಾನು ಉಟ್ಟಿದ್ದ ಬಿಳಿ ಪಂಚೆಯಲ್ಲಿಯೇ ಕತ್ತರಿಸದೆ ಬಿಟ್ಟಿದ್ದ ಭಾಗದಲ್ಲಿ ನಾಲ್ಕು ಹೆಜ್ಜೆ ನಡೆದೆ. ಪಂಚೆಯ ಅಂಚು ಸನ್ಯಾಸ ಸ್ವೀಕರಿಸಿತು. ನನ್ನ ಶ್ರೀಮತಿ ಆಡಿದ ಮಾತುಗಳು ಇಲ್ಲಿ ಅಪ್ರಸ್ತುತ.

ಒಂದು ಎಸಳನ್ನು ಕಿತ್ತು ಮೊಮ್ಮಗಳ ಭೂತಗನ್ನಡಿಯಲ್ಲಿ ನೋಡಿದೆವು. ಎಸಳಿನ ಉದ್ದಕ್ಕೆ, ನರಗಳ ಜೊತೆಜೊತೆಯಲ್ಲಿಯೇ, ಸಣ್ಣ ಸಣ್ಣ ಗುಳ್ಳೆಗಳು ಒಡೆದು ಸಾಲಾಗಿ ನಿಂತಿದ್ದವು. ಪ್ರತಿಯೊಂದು ಗುಳ್ಳೆಯ ಬಾಯಲ್ಲಿ ಕಿತ್ತಳೆಯ ಹಿಟ್ಟು. ಒಂಬತ್ತು ವರ್ಷದ ಆ ಮಗು, "ಅಜ್ಜ, ಹುಲ್ಲಿಗೆ ಗಾಯ ಆಗಿದೆ" ಎಂದಿತು. ಅಲ್ಲಿಯವರೆಗೆ ಈ ವಿಷಯದಲ್ಲಿ ಯಾರಾದರೂ ನೋಡಿ ಆಡಿದ ಮೊದಲ ಮಾತು ಅದು.

ಈಗ ಹೆಸರು ಹೇಳಬಹುದು. ಇದು ಹುಲ್ಲಿನ ತುಕ್ಕು ರೋಗ. ಕಬ್ಬಿಣದ ತುಕ್ಕಿಗೂ ಇದಕ್ಕೂ ಬಣ್ಣದ ಹೋಲಿಕೆಯ ಹೊರತು ಸಂಬಂಧವಿಲ್ಲ. ಪಕ್ಸಿನಿಯಾ ಎಂಬ ಕುಲದ ಶಿಲೀಂಧ್ರಗಳು ಇದಕ್ಕೆ ಕಾರಣ. ಗೋಧಿಯ ಕಾಂಡದ ತುಕ್ಕಿಗೆ ಕಾರಣವಾಗುವ ಪಕ್ಸಿನಿಯಾ ಗ್ರಾಮಿನಿಸ್ ಇದೇ ಮನೆತನದ್ದು. ಒಂದೊಂದು ಬೀಜಕಣ ಮಿಲಿಮೀಟರಿನ ಸುಮಾರು ನಲವತ್ತನೆಯ ಒಂದು ಭಾಗದಷ್ಟು. ಗಾಳಿಯಲ್ಲಿ ಬಂದು ಎಸಳಿನ ಮೇಲೆ ಕುಳಿತು, ಕೆಲವು ಗಂಟೆಗಳ ಕಾಲ ನೀರಿನ ಪಸೆ ಸಿಕ್ಕಿದರೆ ಮೊಳೆತು ಒಳಹೊಕ್ಕು, ಒಂದೆರಡು ವಾರಗಳಲ್ಲಿ ತನ್ನದೇ ಗುಳ್ಳೆಯೊಡೆದು ಸಾವಿರಾರು ಕಣಗಳನ್ನು ಚೆಲ್ಲುತ್ತದೆ. ಲಾನ್ ಟ್ರ್ಯಾಕ್ಟರ್ ಆ ಕಣಗಳನ್ನು ಕೊಡವಿ ಎಬ್ಬಿಸುತ್ತದೆ, ಮೈತುಂಬ ಹೊತ್ತು ತಿರುಗುತ್ತದೆ.

ಇಲ್ಲಿ ಓದುಗರು ನನ್ನನ್ನು ಹಿಡಿದು ನಿಲ್ಲಿಸಬಹುದು. "ಹಾಗಾದರೆ ಆ ಔಷಧದ ಸಂಸ್ಥೆಯವನು ಫೋನಿನಲ್ಲೇ ಹೇಳಿದ್ದು ಸರಿಯಾಗಿತ್ತಲ್ಲ ಮೇಷ್ಟ್ರೇ? ಅವನೂ ಶಿಲೀಂಧ್ರವೆಂದೇ ಹೇಳಿದ್ದ. ನೀವು ಎರಡು ವಾರ ಪಂಚೆ ಕೊಳೆ ಮಾಡಿಕೊಂಡು ಕಂಡುಹಿಡಿದದ್ದೇನು?"

ನನ್ನ ಲೇಖನದ ತಿರುಳು ಇರುವುದೇ ಈ ಪ್ರಶ್ನೆಯಲ್ಲಿ. ಹೌದು, ಅವನು ಹೇಳಿದ ಹೆಸರು ಸರಿಯಾಗಿತ್ತು. ನನ್ನ ದೃಷ್ಟಿಯಲ್ಲಿ ಮೂವರಲ್ಲಿ ಅತ್ಯಂತ ಅಪಾಯಕಾರಿಯಾದವನು ಅವನೇ. ತಪ್ಪು ಹೇಳಿದವನನ್ನು ಪರೀಕ್ಷೆ ಮಾಡಿ ಬಯಲಿಗೆಳೆಯಬಹುದು; ಸರಿಯಾದ ಹೆಸರನ್ನು ಹೇಳಿದವನು ಹುಡುಕಾಟದ ಬಾಗಿಲನ್ನೇ ಮುಚ್ಚಿಬಿಡುತ್ತಾನೆ. ಹೆಸರು ತಿಳಿಯಿತು, ಆದ್ದರಿಂದ ಕಾರಣ ತಿಳಿಯಿತು, ಆದ್ದರಿಂದ ಪರಿಹಾರ ಕೊಳ್ಳೋಣ ಎಂದು ನಾವು ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರುತ್ತೇವೆ. ಆದರೆ ಬೀಜಕಣಗಳು ಊರಿಗೆಲ್ಲ ಹಾರಾಡುತ್ತಿದ್ದವು. ಮನೆಯ ಮುಂದಿನ ಹುಲ್ಲು ಏಕೆ ಹಸಿರಾಗಿತ್ತು? ಹಿತ್ತಿಲಿನದು ಏಕೆ ಕಿತ್ತಳೆಯಾಯಿತು? ಈ ವರ್ಷವೇ ಏಕೆ? ಇವಕ್ಕೆ ಶಿಲೀಂಧ್ರ ಎಂಬ ಹೆಸರಿನಲ್ಲಿ ಉತ್ತರವಿಲ್ಲ. ಉತ್ತರ ಹಿತ್ತಿಲಿನಲ್ಲಿತ್ತು.

ಮಗನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಮುಂದಿನ ಅಂಗಳಕ್ಕೆ ವಸಂತದಲ್ಲಿ ಗೊಬ್ಬರ ಹಾಕಿದ್ದನು. ಯಾರೂ ನೋಡದ ಹಿತ್ತಿಲಿಗೆ ಈ ವರ್ಷ ಹಾಕಿರಲಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ಹಿತ್ತಿಲಿನ ಹುಲ್ಲು ಸೊರಗಿತ್ತು. ಅದಕ್ಕೆ ಮರುಗಿ ನೀರು ಚಿಮುಕಿಸುವ ಯಂತ್ರವನ್ನು ಪ್ರತಿದಿನ ರಾತ್ರಿ ಎಂಟು ಗಂಟೆಗೆ ಹದಿನೈದು ನಿಮಿಷ ಓಡುವಂತೆ ಇಟ್ಟಿದ್ದನು. ಮೇಲೆ ಮೇಪಲ್ ಮರದ ನೆರಳು; ಬೆಳಗಿನ ಬಿಸಿಲು ಅಲ್ಲಿಗೆ ತಡವಾಗಿ ಬರುತ್ತದೆ. ಅಂದರೆ ಎಸಳುಗಳು ರಾತ್ರಿ ಎಂಟರಿಂದ ಮರುದಿನ ಹತ್ತರವರೆಗೆ ಒದ್ದೆ. ಸಾರಜನಕವಿಲ್ಲದೆ ಬೆಳವಣಿಗೆ ನಿಂತ ಹುಲ್ಲು, ರಾತ್ರಿಯಿಡೀ ನೀರಿನ ಹನಿ, ಹದವಾದ ಶರತ್ಕಾಲದ ಚಳಿ. ತುಕ್ಕು ರೋಗಕ್ಕೆ ಇದಕ್ಕಿಂತ ದೊಡ್ಡ ಔತಣವನ್ನು ಯಾರೂ ಏರ್ಪಡಿಸಲಾರರು. ಬೇಗ ಬೆಳೆಯುವ ಹುಲ್ಲಾದರೆ ಗುಳ್ಳೆ ಒಡೆಯುವ ಮೊದಲೇ ಆ ಎಸಳು ಕತ್ತರಿಸಿಹೋಗುತ್ತದೆ. ನಿಂತ ಹುಲ್ಲಿನಲ್ಲಿ ರೋಗ ನಿಶ್ಚಿಂತೆಯಿಂದ ಸಂಸಾರ ಹೂಡುತ್ತದೆ.

ಪರಿಹಾರ ಏನೆಂದು ಇನ್ನು ಹೇಳಬೇಕಾಗಿಲ್ಲ. ರಾತ್ರಿಯ ನೀರನ್ನು ನಿಲ್ಲಿಸಿ, ವಾರಕ್ಕೆ ಒಂದೆರಡು ಸಲ ಬೆಳಗಿನ ಜಾವ, ಬೇರಿಗೆ ಇಳಿಯುವಷ್ಟು ಹಾಕಿದೆವು. ಒಂದು ಚೀಲ ಗೊಬ್ಬರ ಎರಚಿದೆವು. ಮರದ ಕೆಳಗಿನ ಕೆಲವು ಕೊಂಬೆ ಸವರಿದೆವು. ಆಮೇಲೆ ಎಂದಿನಂತೆ ಕತ್ತರಿಸುತ್ತ ಹೋದೆವು. ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಗಾಡಿಯ ಚಕ್ರದಲ್ಲಿ ಹಸಿರು ಬಣ್ಣ ಬಿಟ್ಟು ಬೇರೆ ಇರಲಿಲ್ಲ. ಸತ್ಯವಾಗಿ ಹೇಳಬೇಕೆಂದರೆ, ಹವೆ ತಂಪಾಗಿ ಮಳೆ ಬಿದ್ದಾಗ ಹುಲ್ಲು ತಾನಾಗಿಯೂ ಚೇತರಿಸಿಕೊಳ್ಳುವುದುಂಟು. ಪೂರ್ತಿ ಕೀರ್ತಿ ನನ್ನದಲ್ಲ. ಮನೆಯಂಗಳದ ತುಕ್ಕಿಗೆ ಶಿಲೀಂಧ್ರನಾಶಕ ಬೇಕಾಗುವುದು ತೀರ ಅಪರೂಪ ಎಂದು ಆ ದೇಶದ ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಗಳೇ ಹೇಳುತ್ತವೆ. ಔಷಧ ಸಿಂಪಡಿಸಿದ್ದರೂ ಅಕ್ಟೋಬರಿನಲ್ಲಿ ಹುಲ್ಲು ಹಸಿರಾಗುತ್ತಿತ್ತು. ಮಗ ಔಷಧಕ್ಕೆ ಕೈಮುಗಿಯುತ್ತಿದ್ದ. ರಾತ್ರಿಯ ನೀರು ಮುಂದುವರಿಯುತ್ತಿತ್ತು. ಮರುವರ್ಷ ಮತ್ತೆ ಮುನ್ನೂರು ಡಾಲರ್. ಮೂಢನಂಬಿಕೆ ಹುಟ್ಟುವುದು ಹೀಗೆಯೇ ಅಲ್ಲವೇ? ಹರಕೆ ಹೊತ್ತೆ, ಜ್ವರ ಬಿಟ್ಟಿತು.

"ಇಷ್ಟೆಲ್ಲ ಮಾಡಲು ಈ ಕಾಲದಲ್ಲಿ ಯಾರಿಗೆ ಸಮಯವಿದೆ?" ಎಂಬುದು ಮಗನ ಮೊದಲ ವಾದವಾಗಿತ್ತು. ಲೆಕ್ಕ ಹಾಕಿ ತೋರಿಸಿದೆ. ಹುಲ್ಲನ್ನು ಹೇಗೂ ಕತ್ತರಿಸಲೇಬೇಕಿತ್ತು. ಹೆಚ್ಚುವರಿಯಾಗಿ ಖರ್ಚಾದದ್ದು ಒಂದು ಹಾಳೆ ಕಾಗದ, ಒಂದು ಪಂಚೆಯ ಅಂಚು, ಒಟ್ಟು ಒಂದೂವರೆ ಗಂಟೆ. ಫೋನುಗಳಲ್ಲಿ ಕಾದು ಕುಳಿತ ಹೊತ್ತು ಅದಕ್ಕಿಂತ ಹೆಚ್ಚು.

"ತಜ್ಞರಿರುವಾಗ ನಾವೇಕೆ?" ಎಂಬುದು ಎರಡನೆಯ ವಾದ. ತಜ್ಞರ ವಿಷಯದಲ್ಲಿ ನನಗೆ ಅಪಾರ ಗೌರವವಿದೆ. ಆದರೆ ಯಾರು ತಜ್ಞ? ನೋಡಿದವನು ತಜ್ಞ. ನೋಡದೆ ಹೇಳುವವನು ವ್ಯಾಪಾರಿ. ಎಸಳನ್ನು ಕಿತ್ತು, ಎಲ್ಲಿ, ಯಾವಾಗ, ಎಷ್ಟು ಎಂದು ಬರೆದುಕೊಂಡು ಹೋದವನಿಗೆ ಮಾತ್ರ ನಿಜವಾದ ತಜ್ಞ ಸಹಾಯ ಮಾಡಬಲ್ಲ. ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವಾದರೂ ಅಷ್ಟೇ, ಒಹಾಯೋದ ಕೃಷಿ ವಿಸ್ತರಣಾ ಕಚೇರಿಯಾದರೂ ಅಷ್ಟೇ. ಬರಿಗೈಯಲ್ಲಿ ಹೋಗಿ "ಏನು ಹೊಡೆಯಲಿ?" ಎಂದು ಕೇಳಿದವನಿಗೆ ಏನಾದರೊಂದನ್ನು ಹೊಡೆಯಲು ಹೇಳುವುದು ಬಿಟ್ಟು ಬೇರೆ ದಾರಿಯಿಲ್ಲ.

"ಹುಲ್ಲಿನ ವಿಷಯ ತಾನೇ, ಅದಕ್ಕೇಕೆ ಇಷ್ಟು ಆವೇಶ?" ಎನ್ನುವವರೂ ಇದ್ದಾರೆ. ಅವರು ನಮ್ಮ ಮಲೆನಾಡಿಗೆ ಬರಲಿ. ಕೊಪ್ಪ, ಶೃಂಗೇರಿಯ ಕಡೆ ಅಡಿಕೆಗೆ ಹಳದಿ ಎಲೆ ರೋಗ ಹತ್ತಿ ದಶಕಗಳಾದವು. ತೋಟಕ್ಕೆ ತೋಟವೇ ಬೋಳಾದ ಕುಟುಂಬಗಳನ್ನು ನಾನು ಬಲ್ಲೆ. ಅವರ ಮಕ್ಕಳಿಗೆ ಪಾಠ ಹೇಳಿದ್ದೇನೆ. ಅದು ಜಿಗಿಹುಳುವೊಂದು ಮರದಿಂದ ಮರಕ್ಕೆ ಹರಡುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ರೋಗ. ವಾಸಿ ಮಾಡುವ ಔಷಧವಿಲ್ಲ. ಔಷಧವಿಲ್ಲದ ಈ ರೋಗಕ್ಕೆ ಪುಡಿ, ದ್ರಾವಣ, ಟಾನಿಕ್ ಎಂದು ಪ್ರತಿವರ್ಷ ಮಾರಾಟವಾಗುವ ಡಬ್ಬಗಳನ್ನು ಎಣಿಸಿ. ಕೊಳ್ಳುವವರು ಅನಕ್ಷರಸ್ಥರಲ್ಲ, ನಮ್ಮ ಶಾಲೆಗಳಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದವರು. ನಗರದಲ್ಲಿ ನೆಗಡಿಗೆ ಆಂಟಿಬಯಾಟಿಕ್ ನುಂಗುವವರೂ ನಮ್ಮ ವಿದ್ಯಾರ್ಥಿಗಳೇ. ವೈರಸ್ಸಿನಿಂದ ಬರುವ ನೆಗಡಿಗೆ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇವರಿಗೆ ಹೀಗೆ ಕಲಿಸಿದವರು ಯಾರು? ನಾನು. ಈಗ ಆ ಕಥೆಗೆ ಬರುತ್ತೇನೆ.

1989ರ ಮಳೆಗಾಲದ ಕೊನೆ. ಕೊಪ್ಪ ತಾಲ್ಲೂಕಿನ ಒಂದು ಪ್ರೌಢಶಾಲೆ. ನಾನು ಕಬ್ಬಿಣ ತುಕ್ಕು ಹಿಡಿಯುವುದರ ಪಾಠ ಮಾಡುತ್ತಿದ್ದೆ. ಮೂರು ಪ್ರನಾಳಗಳ ಪ್ರಯೋಗ ನಿಮಗೆಲ್ಲ ನೆನಪಿರಬಹುದು. ಒಂದರಲ್ಲಿ ಮೊಳೆ, ನೀರು, ಗಾಳಿ. ಇನ್ನೊಂದರಲ್ಲಿ ಕುದಿಸಿ ಗಾಳಿ ಹೋಗಲಾಡಿಸಿದ ನೀರು, ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್, ಒಣ ಗಾಳಿ. ಮೊದಲನೆಯದರಲ್ಲಿ ಮಾತ್ರ ಮೊಳೆಗೆ ತುಕ್ಕು. ಬೋರ್ಡಿನ ಮೇಲೆ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, "ಇದು ಪರೀಕ್ಷೆಗೆ ಖಂಡಿತ ಬರುತ್ತದೆ" ಎಂದು ಹೇಳಿ ಮುಗಿಸಿದೆ. ಒಂದು ಅಂಶವನ್ನು ತೆಗೆದು, ಉಳಿದದ್ದನ್ನು ಹಾಗೆಯೇ ಇಟ್ಟು, ಯಾವುದು ಕಾರಣವೆಂದು ಶೋಧಿಸುವ ವಿಧಾನ ಆ ಪ್ರಯೋಗದ ಜೀವ. ಆ ಮಾತನ್ನು ನಾನು ಹೇಳಲಿಲ್ಲ. ಮೊಳೆಗಳನ್ನು ನಿಜವಾಗಿ ಪ್ರನಾಳಕ್ಕೆ ಹಾಕಿದ್ದು ಮೂವತ್ತನಾಲ್ಕು ವರ್ಷಗಳಲ್ಲಿ ಬೆರಳೆಣಿಕೆಯ ಸಲ.

ಆ ದಿನ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ತಂದೆ ತಾಯಿ ಇಬ್ಬರೂ ಎಸ್ಟೇಟಿನ ಆಳುಗಳು. ಜೇಬಿನಿಂದ ಒಂದು ಕಾಫಿ ಎಲೆಯನ್ನು ತೆಗೆದು ಹಿಂಬದಿ ತೋರಿಸಿದ. ಕಿತ್ತಳೆ ಬಣ್ಣದ ಪುಡಿಯ ಮಚ್ಚೆಗಳು. "ಸಾರ್, ಇದಕ್ಕೂ ತುಕ್ಕು ಅಂತಾರೆ. ಎಲೆಯಲ್ಲಿ ಕಬ್ಬಿಣ ಇಲ್ಲವಲ್ಲ ಸಾರ್, ಇದು ಎಲ್ಲಿಂದ ಬರುತ್ತೆ?"

ನಾನು ಹೇಳಿದೆ: "ಅದು ಬೇರೆ ತುಕ್ಕು. ಶಿಲೀಂಧ್ರ. ಕೂತುಕೋ."

ಉತ್ತರ ಸರಿಯಾಗಿತ್ತು. ಒಹಾಯೋದ ಔಷಧದವನ ಉತ್ತರದಷ್ಟೇ ಸರಿಯಾಗಿತ್ತು. ಹುಡುಗ ಕೇಳಿದ್ದು ಅದರ ಹೆಸರನ್ನಲ್ಲ, ಅದು ಬಂದ ದಾರಿಯನ್ನು. ನಾನು ಹೆಸರು ಕೊಟ್ಟು ಕೂರಿಸಿದೆ. ಆ ವರ್ಷ ಅವನು ಮತ್ತೆ ಏಳಲಿಲ್ಲ.

ಅಂದು ನಾನು ಹೇಳಬಹುದಾಗಿದ್ದದ್ದು ಎಷ್ಟಿತ್ತು! ಅದೇ ಪುಡಿ 1869ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಕಾಣಿಸಿಕೊಂಡು, ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿಯನ್ನು ನೆಲಸಮ ಮಾಡಿತು. ಇಂದು ಆ ದ್ವೀಪ ಚಹಾದ ನಾಡಾಗಿರಲು ಅದೂ ಒಂದು ಕಾರಣ. ಮಾರ್ಷಲ್ ವಾರ್ಡ್ ಎಂಬ ತರುಣ ವಿಜ್ಞಾನಿ 1880ರಲ್ಲಿ ಅಲ್ಲಿಗೆ ಬಂದು, ಅಂಟು ಸವರಿದ ಗಾಜಿನ ಪಟ್ಟಿಗಳನ್ನು ತೋಟದಲ್ಲಿಟ್ಟು, ಗಾಳಿಯಲ್ಲಿ ಹಾರುವ ಬೀಜಕಣಗಳನ್ನು ಹಿಡಿದ. ಎಲೆಯ ಹಿಂಬದಿಯ ರಂಧ್ರಗಳಿಂದ ಅವು ಒಳಹೋಗುವುದನ್ನು ತೋರಿಸಿದ. ನಮ್ಮ ಶಾಲೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿತ್ತು. ತುಕ್ಕನ್ನು ತಾಳಿಕೊಳ್ಳುವ ತಳಿಯನ್ನು ಹುಡುಕುವುದೇ ಅಲ್ಲಿನ ಮುಖ್ಯ ಕೆಲಸಗಳಲ್ಲೊಂದು. ಎಸ್.795 ಎಂಬ ಹೆಸರಾಂತ ತಳಿ ಅಲ್ಲಿಯದೇ. ಆ ಎಲೆಯನ್ನು ಹಿಡಿದು ಹುಡುಗನನ್ನು ಅಲ್ಲಿಗೆ ಕರೆದೊಯ್ಯಬಹುದಿತ್ತು. ಅದೂ ಬೇಡ, "ನೆರಳಿನ ಗಿಡದಲ್ಲಿ ಹೆಚ್ಚೋ ಬಿಸಿಲಿನದರಲ್ಲೋ, ಎಣಿಸಿಕೊಂಡು ಬಾ" ಎಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು.

ಒಹಾಯೋದಲ್ಲಿದ್ದಾಗಲೇ ಓದಿ ತಿಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ನಾಚಿಸಿತು. ಗೋಧಿಯ ಕಾಂಡದ ತುಕ್ಕು ತನ್ನ ಜೀವನದ ಒಂದು ಭಾಗವನ್ನು ಬಾರ್ಬೆರಿ ಎಂಬ ಮುಳ್ಳುಗಿಡದ ಮೇಲೆ ಕಳೆಯುತ್ತದೆ. ಜರ್ಮನಿಯ ಆಂಟನ್ ಡಿ ಬಾರಿ ಇದನ್ನು 1865ರಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದ. ಆದರೆ ಅಮೆರಿಕದ ಕನೆಕ್ಟಿಕಟ್ ವಸಾಹತು ಬಾರ್ಬೆರಿಯನ್ನು ಕೀಳಿಸಲು 1726ರಲ್ಲಿಯೇ ಕಾನೂನು ಮಾಡಿತ್ತು. ಸೂಕ್ಷ್ಮದರ್ಶಕವಿಲ್ಲದ, ಶಿಲೀಂಧ್ರದ ಹೆಸರೂ ಗೊತ್ತಿಲ್ಲದ ರೈತರು, ಯಾವ ಬೇಲಿಯ ಬಳಿ ಗೋಧಿ ಕೆಂಪಾಗುತ್ತದೆ ಎಂಬುದನ್ನು ನೋಡಿ ತಿಳಿದಿದ್ದರು. ಹೆಸರಿಲ್ಲದೆಯೂ ಕಾರಣ ತಿಳಿಯಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? 1916ರಲ್ಲಿ ತುಕ್ಕಿನಿಂದ ಅಮೆರಿಕದ ಗೋಧಿ ಭಾರಿ ಪ್ರಮಾಣದಲ್ಲಿ ನಾಶವಾದ ಮೇಲೆ, 1918ರಿಂದ ಒಹಾಯೋ ಸೇರಿದಂತೆ ಉತ್ತರದ ರಾಜ್ಯಗಳಲ್ಲಿ ಬಾರ್ಬೆರಿ ನಿರ್ಮೂಲನದ ಆಂದೋಲನ ನಡೆಯಿತು. ಅದರಲ್ಲಿ ಶಾಲಾ ಮಕ್ಕಳನ್ನೂ ತೊಡಗಿಸಿದರು. ಮಕ್ಕಳು ಬೇಲಿ ಬೇಲಿ ಸುತ್ತಿ ಗಿಡ ಗುರುತಿಸಿದರು. ಆ ಮಕ್ಕಳಿಗೆ ತುಕ್ಕಿನ ಪಾಠ ಬೋರ್ಡಿನ ಮೇಲಿನ ಚಿತ್ರವಾಗಿರಲಿಲ್ಲ. ನನ್ನ ಮಗನ ಹಿತ್ತಿಲಿರುವ ಜಾಗದಲ್ಲಿ ಆಗ ಹೊಲವಿದ್ದಿದ್ದರೆ, ಅದರ ಬೇಲಿಯನ್ನೂ ಯಾವುದೋ ಮಗು ಬಗ್ಗಿ ನೋಡಿರಬಹುದು. ನೂರು ವರ್ಷ ಕಳೆದ ಮೇಲೆ ಅಲ್ಲಿಯವರೂ ಫೋನ್ ಎತ್ತುವವರಾದರು. ಆದ್ದರಿಂದ ಇದು ನಮ್ಮ ದೇಶದ್ದೊಂದೇ ರೋಗವಲ್ಲ.

ವೃತ್ತಿಬಾಂಧವರು ಈಗ ಹೇಳುವ ಮಾತು ನನಗೆ ಗೊತ್ತು. ಪಠ್ಯ ಮುಗಿಸಬೇಕು, ಫಲಿತಾಂಶ ತೋರಿಸಬೇಕು, ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬನ ಎಲೆ ಹಿಡಿದು ಕೂರಲಾಗುವುದಿಲ್ಲ. ನಾನೂ ಇದನ್ನೇ ಮೂವತ್ತನಾಲ್ಕು ವರ್ಷ ಹೇಳಿದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಅಂದು ನಾನು "ಕೂತುಕೋ" ಎಂದದ್ದು ಸಮಯವಿಲ್ಲವೆಂದಲ್ಲ, ಎಲೆಗೆ ಅದು ಎಲ್ಲಿಂದ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ನಾಚಿಕೆ. ಆ ನಾಚಿಕೆಯನ್ನು ಮುಚ್ಚಲು ಹೆಸರೆಂಬ ಮುಚ್ಚಳ ಕೈಗೆ ಸಿಕ್ಕಿತು. "ನನಗೂ ಗೊತ್ತಿಲ್ಲ, ಹುಡುಕೋಣ" ಎಂಬ ಮೂರು ಪದಗಳಿಗೆ ಯಾವ ಇಲಾಖೆಯ ಅನುಮತಿಯೂ ಬೇಕಿರಲಿಲ್ಲ.

ಈಗ ಕೆಲಸದಲ್ಲಿರುವವರಿಗೆ ನನ್ನದು ಒಂದೇ ಬೇಡಿಕೆ. ಮಗುವೊಂದು ಏನನ್ನಾದರೂ ತಂದು ತೋರಿಸಿದಾಗ ಹೆಸರನ್ನು ಕೊನೆಯಲ್ಲಿ ಹೇಳಿ. ಮೊದಲು ಕೇಳಿ: ಎಲ್ಲಿ ಸಿಕ್ಕಿತು? ಎಲ್ಲಿ ಇರಲಿಲ್ಲ? ಯಾವಾಗಿನಿಂದ? "ಎಲ್ಲಿ ಇರಲಿಲ್ಲ" ಎಂಬುದನ್ನು ಮರೆಯದೆ ಕೇಳಿ. ಒಹಾಯೋದಲ್ಲಿ ನನ್ನ ಗಂಟು ಬಿಡಿಸಿದ್ದು ಮನೆಯ ಮುಂದಿನ ಹಸಿರು ಹುಲ್ಲು, ಹಿತ್ತಿಲಿನ ಕಿತ್ತಳೆಯಲ್ಲ.

ಮಗ ಈಚೆಗೆ ಫೋನ್ ಮಾಡಿದಾಗ ಗಾಡಿ ಮತ್ತೆ ಕೊಳೆಯಾಗಿದೆ, ಈ ಸಲ ಪುಡಿ ಕಪ್ಪಗಿದೆ ಎಂದ. ಏನಿರಬಹುದೆಂದು ನಾನು ಹೇಳಲಿಲ್ಲ. ರಬ್ಬರಿನ ಮೇಲೂ ಇದೆಯೇ ಎಂದು ಕೇಳಿದೆ. "ನೋಡಿ ಹೇಳುತ್ತೇನೆ" ಎಂದು ಫೋನಿಟ್ಟ.